ಶರೀರದಲ್ಲಿ ರಕ್ತದ ಪರಿಭ್ರಮಣ

ಮನೆಯಲ್ಲಿ ಯಾರಿಗಾದರೂ ಶಸ್ತ್ರಚಿಕಿತ್ಸೆಯಾಗಬೇಕಾದಾಗ ವೈದ್ಯರು "ಎರಡು ಬಾಟಲಿ ರಕ್ತಕ್ಕೆ ಏರ್ಪಾಡು ಮಾಡಿರಿ" ಎಂದರೆ ಸಾಕು, ನೆರೆದ ಬಂಧುಗಳಲ್ಲಿ ಮೌನ ಆವರಿಸುತ್ತದೆ. ರಕ್ತ ಕೊಟ್ಟರೆ ನಿಶ್ಶಕ್ತಿ ಬರುವುದೆಂದು ಒಬ್ಬರು, ಹೋದ ರಕ್ತ ಮರಳಿ ಬಾರದೆಂದು ಇನ್ನೊಬ್ಬರು ಹಿಂಜರಿಯುತ್ತಾರೆ. ಈ ಅಂಜಿಕೆಯ ಬುಡದಲ್ಲಿರುವುದು ಒಂದು ತಪ್ಪು ಕಲ್ಪನೆ. ರಕ್ತವು ಕೊಡದಲ್ಲಿ ತುಂಬಿಟ್ಟ ನೀರಿನಂತೆ, ತೆಗೆದಷ್ಟೂ ಬರಿದಾಗುವ ಪದಾರ್ಥವೆಂದು ನಾವು ಭಾವಿಸಿದ್ದೇವೆ. ರಕ್ತದ ನಿಜಸ್ವರೂಪವನ್ನು ಅರಿತರೆ ಈ ಭಯ ತಾನಾಗಿಯೇ ಕಳೆಯುತ್ತದೆ.

ಇಂತಹ ತಪ್ಪು ಕಲ್ಪನೆಗೆ ದೊಡ್ಡ ದೊಡ್ಡ ಪಂಡಿತರೂ ಒಳಗಾಗಿದ್ದರು. ಕ್ರಿ.ಶ. ಎರಡನೆಯ ಶತಮಾನದ ವೈದ್ಯ ಗ್ಯಾಲೆನ್‌ನ ಮತದಂತೆ, ರಕ್ತವು ಆಹಾರದಿಂದ ಯಕೃತ್ತಿನಲ್ಲಿ ಹುಟ್ಟಿ, ಅಂಗಾಂಗಗಳಿಗೆ ಹರಿದು, ಅಲ್ಲಿಯೇ ವ್ಯಯವಾಗಿ ಹೋಗುತ್ತಿತ್ತು. ಹದಿಮೂರನೆಯ ಶತಮಾನದಲ್ಲಿ ಇಬ್ನ್ ಅಲ್-ನಫೀಸ್ ಎಂಬ ಅರಬ್ ವೈದ್ಯನು, ಹೃದಯದ ಬಲಭಾಗದ ರಕ್ತವು ಶ್ವಾಸಕೋಶಗಳ ಮೂಲಕವೇ ಎಡಭಾಗಕ್ಕೆ ಬರುತ್ತದೆಂದು ಬರೆದಿಟ್ಟನು. ಆದರೂ ಯುರೋಪಿನ ವೈದ್ಯಶಾಲೆಗಳಲ್ಲಿ ಗ್ಯಾಲೆನ್‌ನ ಮಾತೇ ಪ್ರಮಾಣವಾಗಿ ಉಳಿಯಿತು.

ಅದನ್ನು ಅಲುಗಿಸಿದವನು ಇಂಗ್ಲೆಂಡಿನ ವಿಲಿಯಂ ಹಾರ್ವೆ. 1628ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಒಂದು ಸರಳವಾದ ಲೆಕ್ಕವನ್ನು ಮುಂದಿಟ್ಟನು. ಹೃದಯದ ಒಂದೊಂದು ಬಡಿತಕ್ಕೂ ಹೊರಬೀಳುವ ರಕ್ತವು ಅತ್ಯಲ್ಪವೆಂದೇ ಎಣಿಸಿದರೂ, ಕೇವಲ ಅರ್ಧ ಗಂಟೆಯಲ್ಲಿ ಹೊರಬಿದ್ದ ರಕ್ತವು ಶರೀರದಲ್ಲಿರುವ ಒಟ್ಟು ರಕ್ತವನ್ನು ಮೀರುತ್ತದೆ. ಇಷ್ಟು ರಕ್ತವನ್ನು ಯಾವ ಊಟ ಹುಟ್ಟಿಸಬಲ್ಲದು? ಆದ್ದರಿಂದ ಹೊರಟ ರಕ್ತವೇ ಸುತ್ತಿ ಮರಳಿ ಬರುತ್ತಿರಬೇಕು. ತೋಳಿಗೆ ಪಟ್ಟಿ ಬಿಗಿದು, ಸಿರೆಗಳೊಳಗಿನ ಕವಾಟಗಳು ರಕ್ತವನ್ನು ಹೃದಯದ ಕಡೆಗೆ ಮಾತ್ರ ಬಿಡುತ್ತವೆಂಬುದನ್ನೂ ಅವನು ತೋರಿಸಿದನು. ಆದರೆ ಧಮನಿಯಿಂದ ಸಿರೆಗೆ ರಕ್ತ ದಾಟುವ ದಾರಿ ಅವನ ಕಣ್ಣಿಗೆ ಬೀಳಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಗಳ ತರುವಾಯ, 1661ರಲ್ಲಿ, ಇಟಲಿಯ ಮಾಲ್ಪೀಗಿಯು ಕಪ್ಪೆಯ ಶ್ವಾಸಕೋಶದಲ್ಲಿ ಸೂಕ್ಷ್ಮದರ್ಶಕದಿಂದ ಆ ಲೋಮನಾಳಗಳನ್ನು ಕಂಡನು.

ಇಂದಿನ ಲೆಕ್ಕವು ಇನ್ನೂ ಸ್ಪಷ್ಟವಾಗಿದೆ. ಮುಷ್ಟಿಯಷ್ಟೇ ಗಾತ್ರದ ಹೃದಯವು ನಿಮಿಷಕ್ಕೆ ಸುಮಾರು 72 ಸಲ ಬಡಿದು, ಪ್ರತಿ ಬಡಿತಕ್ಕೂ ಸುಮಾರು 70 ಮಿಲಿಲೀಟರ್ ರಕ್ತವನ್ನು ನೂಕುತ್ತದೆ. ಇದು ನಿಮಿಷಕ್ಕೆ 5 ಲೀಟರಾಗುತ್ತದೆ. ವಯಸ್ಕನ ಶರೀರದಲ್ಲಿರುವ ಒಟ್ಟು ರಕ್ತವೂ ಹೆಚ್ಚು ಕಡಿಮೆ ಅಷ್ಟೇ. ಬಲಭಾಗವು ರಕ್ತವನ್ನು ಶ್ವಾಸಕೋಶಗಳಿಗೆ ಕಳುಹಿಸಿ ಆಮ್ಲಜನಕವನ್ನು ತುಂಬಿಸಿಕೊಳ್ಳುತ್ತದೆ. ಎಡಭಾಗವು ಅದನ್ನು ಮಹಾಧಮನಿಯ ಮೂಲಕ ಸರ್ವಾಂಗಗಳಿಗೂ ಹಂಚುತ್ತದೆ. ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಡಿತ, ಏಳು ಸಾವಿರ ಲೀಟರಿನಷ್ಟು ಹರಿವು!

ಈ ರಕ್ತವು ಸುತ್ತುವುದಷ್ಟೇ ಅಲ್ಲ, ಸದಾ ಹೊಸದಾಗುತ್ತಲೂ ಇರುತ್ತದೆ. ಆಮ್ಲಜನಕವನ್ನು ಹೊರುವ ಕೆಂಪು ಕಣದ ಆಯುಷ್ಯ ಸುಮಾರು 120 ದಿನ. ಮುದಿಕಣಗಳನ್ನು ಗುಲ್ಮ ಮತ್ತು ಯಕೃತ್ತು ಒಡೆಯುತ್ತವೆ; ಜಾಣ ಗೃಹಿಣಿಯು ಏನನ್ನೂ ಪೋಲು ಮಾಡದಂತೆ, ಅವುಗಳಲ್ಲಿದ್ದ ಕಬ್ಬಿಣವನ್ನು ಶರೀರವು ಮರಳಿ ಬಳಸಿಕೊಳ್ಳುತ್ತದೆ. ಅಸ್ಥಿಮಜ್ಜೆಯು ಕ್ಷಣಕ್ಷಣಕ್ಕೂ ಸುಮಾರು 20 ಲಕ್ಷ ಹೊಸ ಕಣಗಳನ್ನು ಹುಟ್ಟಿಸುತ್ತಿರುತ್ತದೆ. ನಾವು ಕೊಡಲಿ, ಕೊಡದಿರಲಿ, ಇಂದಿರುವ ಕೆಂಪು ಕಣಗಳು ನಾಲ್ಕು ತಿಂಗಳ ಬಳಿಕ ಬಹುಮಟ್ಟಿಗೆ ಇರುವುದಿಲ್ಲ.

ರಕ್ತದಾನಿಯಿಂದ ಸಾಮಾನ್ಯವಾಗಿ ತೆಗೆಯುವುದು 350 ಇಲ್ಲವೆ 450 ಮಿಲಿಲೀಟರ್. ಅದರ ದ್ರವಭಾಗವು ಒಂದೆರಡು ದಿನಗಳಲ್ಲಿ, ಕೆಂಪು ಕಣಗಳು ಕೆಲವು ವಾರಗಳಲ್ಲಿ ಭರ್ತಿಯಾಗುತ್ತವೆ. 18 ವರ್ಷ ತುಂಬಿ, ಕನಿಷ್ಠ 45 ಕಿಲೋಗ್ರಾಂ ತೂಕವೂ 12.5 ಗ್ರಾಂ ಹಿಮೋಗ್ಲೋಬಿನ್ನೂ ಇರುವ ಆರೋಗ್ಯವಂತ ಪುರುಷರು ಮೂರು ತಿಂಗಳಿಗೊಮ್ಮೆ, ಸ್ತ್ರೀಯರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ರಕ್ತಹೀನತೆಯುಳ್ಳವರು ಕೊಡಲಾಗದು. ರಕ್ತಹೀನತೆಯುಳ್ಳವರು ವೈದ್ಯರನ್ನು ಕಾಣಬೇಕು. ಸೊಪ್ಪು, ಕಾಳುಗಳ ಜೊತೆಗೆ ನಿಂಬೆರಸವನ್ನು ಸೇವಿಸಬೇಕು. ಊಟದ ಬೆನ್ನಿಗೇ ಚಹಾ ಕುಡಿಯುವುದನ್ನು ಬಿಡಬೇಕು.

ಇನ್ನೊಂದು ಭ್ರಮೆಯೂ ನಮ್ಮಲ್ಲಿದೆ. 'ರಕ್ತಸಂಬಂಧ' ಎಂಬ ಮಾತಿನ ಬಲದಿಂದ, ಮಗನ ರಕ್ತ ತಂದೆಗೆ ಒಗ್ಗಿಯೇ ತೀರುವುದೆಂದು ತಿಳಿಯುತ್ತೇವೆ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದಲ್ಲಿ ಗುಂಪುಗಳಿವೆಯೆಂದು ತೋರಿಸಿದ ಮೇಲೆ ಈ ಮಾತು ನಿಲ್ಲುವುದಿಲ್ಲ. ತಂದೆಯದು 'ಎ', ತಾಯಿಯದು 'ಬಿ' ಇದ್ದು ಮಗುವಿನದು 'ಓ' ಆಗಿರಬಹುದು. ಆ ಮಗುವಿಗೆ ಹೆತ್ತವರಿಬ್ಬರ ರಕ್ತವೂ ಒಗ್ಗದು. ಯಾವುದೋ ಊರಿನ, ಯಾವುದೋ ಕುಲದ ಅಪರಿಚಿತನ ರಕ್ತವೇ ಅದನ್ನು ಬದುಕಿಸಬೇಕಾಗುತ್ತದೆ. 1952ರಲ್ಲಿ ಡಾ. ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ 'ಬಾಂಬೆ ಗುಂಪಿ'ನವರಂತೂ 'ಓ' ರಕ್ತವನ್ನೂ ಪಡೆಯಲಾರರು. ಅವರಿಗೆ ಅದೇ ವಿರಳ ಗುಂಪಿನ ದಾನಿಯೇ ಸಿಗಬೇಕು.

ಹೆರಿಗೆಯಲ್ಲಿ ರಕ್ತಸ್ರಾವವಾಗಿ ಒದ್ದಾಡುವ ತಾಯಿಯ ಮುಂದೆ ಯೋಚಿಸಲು ಸಮಯವಿರುವುದಿಲ್ಲ. ಆದಕಾರಣ ಪ್ರತಿ ಮನೆಯವರೂ ತಮ್ಮ ತಮ್ಮ ರಕ್ತದ ಗುಂಪನ್ನು ಇಂದೇ ಪರೀಕ್ಷಿಸಿ ಬರೆದಿಡಲಿ. ಆರೋಗ್ಯವುಳ್ಳವರು ಸಂಕಟದ ಕರೆ ಬರುವ ಮುನ್ನವೇ ರಕ್ತನಿಧಿಗೆ ಹೋಗಿ ಕೊಟ್ಟು ಬರಲಿ. ನಾವು ಕೊಟ್ಟುದನ್ನು ನಮ್ಮ ಶರೀರವೇ ಮರಳಿ ತುಂಬಿಕೊಳ್ಳುತ್ತದೆ; ರಕ್ತ ಕಳೆದುಕೊಂಡು ಮಲಗಿದವರಿಗೆ ಆ ಹೊತ್ತಿನಲ್ಲಿ ಅನ್ಯರ ರಕ್ತವೇ ಗತಿ.