ಗಣಿವಾಹಕಗಳಲ್ಲಿ ವಿದ್ಯುತ್ತೂ ಸಂಪೀಡಿತ ವಾಯುವೂ

ಯಂತ್ರೋದ್ಯಮದ ಇತಿಹಾಸವನ್ನು ಉಗಿಯಿಂದ ವಿದ್ಯುತ್ತಿಗೆ ಏರಿದ ನೇರವಾದ ಮೆಟ್ಟಿಲ ಸಾಲೆಂದು ವರ್ಣಿಸುವುದು ವಾಡಿಕೆ. ವಿದ್ಯುತ್ತು ಕೈಗೆ ಬಂದ ಮೇಲೂ ಕೆಲವು ಕಲ್ಲಿದ್ದಲ ಗಣಿಗಳು ತಮ್ಮ ವಾಹಕಗಳನ್ನು ನಡೆಸಲು ಸಂಪೀಡಿತ ವಾಯುವನ್ನು, ಎಂದರೆ ಅದುಮಿದ ಗಾಳಿಯನ್ನು, ಆಶ್ರಯಿಸಿದುವು. ಇದರ ಕಾರಣವನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸುತ್ತೇವೆ.

ಖರ್ಚಿನ ದೃಷ್ಟಿಯಿಂದ ವಾಯುವಿನ ಪಕ್ಷ ದುರ್ಬಲವಾದುದು. ಗಾಳಿಯನ್ನು ಅದುಮುವಾಗ ಹುಟ್ಟುವ ಶಾಖ ವ್ಯರ್ಥವಾಗುತ್ತದೆ. ಕೊಳವೆಗಳ ಸಂದುಗಳಲ್ಲಿ ಗಾಳಿ ಸೋರುತ್ತದೆ. ಕೊನೆಗೆ ವಾಹಕಕ್ಕೆ ದಕ್ಕುವುದು ಮೂಲಶಕ್ತಿಯ ಐದರಲ್ಲೊಂದು ಪಾಲಿಗಿಂತಲೂ ಅನೇಕ ವೇಳೆ ಕಡಮೆ. ವಿದ್ಯುತ್ ಮೋಟಾರಿಗೆ ಇಷ್ಟು ನಷ್ಟವಿಲ್ಲ.

ಆದರೆ ಮೋಟಾರಿನ ಸ್ವಿಚ್ಚಿನಲ್ಲಿಯೂ ಹರಿದ ಕೇಬಲ್ಲಿನಲ್ಲಿಯೂ ಕಿಡಿ ಹಾರುವುದುಂಟು. ಗಣಿಯೊಳಗಿನ ಗಾಳಿಯಲ್ಲಿ ಮೀಥೇನ್ ಅನಿಲವು ನೂರಕ್ಕೆ ಸುಮಾರು 5ರಿಂದ 15 ಭಾಗದಷ್ಟಿದ್ದರೆ ಸ್ಫೋಟಕ್ಕೆ ಒಂದು ಕಿಡಿ ಸಾಕು. ಆದುದರಿಂದಲೇ 1911ರ ಬ್ರಿಟಿಷ್ ಕಲ್ಲಿದ್ದಲ ಗಣಿಗಳ ಶಾಸನವು, ಅನಿಲವು ನೂರಕ್ಕೆ ಒಂದೂಕಾಲು ಭಾಗ ಮೀರಿದೊಡನೆ ವಿದ್ಯುತ್ತನ್ನು ನಿಲ್ಲಿಸತಕ್ಕದ್ದೆಂದು ವಿಧಿಸಿತು. 1913ರ ಅಕ್ಟೋಬರ್ 14ರಂದು ವೇಲ್ಸ್ ಪ್ರಾಂತದ ಸೆಂಘೆನಿದ್ ಗಣಿಯಲ್ಲಿ ಸ್ಫೋಟವುಂಟಾಗಿ 439 ಮಂದಿ ಗಣಿಗಾರರು ಮಡಿದರು. ಕಾರಣವು ಖಚಿತವಾಗಿ ನಿರ್ಧಾರವಾಗಲಿಲ್ಲ. ಸಂಕೇತ ಕೊಡುವ ವಿದ್ಯುದುಪಕರಣದ ಕಿಡಿಯ ಮೇಲೆಯೂ ಶಂಕೆ ಬಿದ್ದಿತು. ನಾನಾ ನಿಯಮಗಳ ಉಲ್ಲಂಘನೆಗಾಗಿ ಗಣಿಯ ವ್ಯವಸ್ಥಾಪಕನು ತೆತ್ತ ದಂಡ 24 ಪೌಂಡು.

ಅನಿಲಭಯ ಹೆಚ್ಚಾಗಿದ್ದ ಗಣಿಗಳಲ್ಲಿ ವಾಯುಯಂತ್ರಕ್ಕೆ ಮನ್ನಣೆ ದೊರೆತುದನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ಅದಕ್ಕೆ ತಂತಿಯಿಲ್ಲ, ವಿದ್ಯುತ್ತಿನ ಕಿಡಿಯಿಲ್ಲ. ಹೊರೆ ಮಿತಿಮೀರಿದರೆ ಅದು ಸುಟ್ಟುಹೋಗದೆ ಸುಮ್ಮನೆ ನಿಲ್ಲುತ್ತದೆ. ಹಿಂದುಮುಂದಾಗಿ ಅಲುಗಿ ಕಲ್ಲಿದ್ದಲನ್ನು ಮುಂದಕ್ಕೆ ಸರಿಸುವ ಉಕ್ಕಿನ ದೋಣಿಗಳಿಗೆ ಕೊಂತದ ಓಟವೂ ಚೆನ್ನಾಗಿ ಹೊಂದಿತು. ಹೀಗೆಂದು ವಿದ್ಯುತ್ತು ಬಹಿಷ್ಕೃತವಾಗಲಿಲ್ಲ. ನೆಲದ ಮೇಲೆ, ಅನಿಲಕ್ಕೆ ದೂರವಾಗಿ, ಗಾಳಿಯನ್ನು ಅದುಮುವ ಕೆಲಸ ಅದರ ಪಾಲಿಗೆ ಬಂದಿತು.

ಮುಂದೆ, ಒಳಗಿನ ಜ್ವಾಲೆಯನ್ನು ಹೊರಬಿಡದ ಗಟ್ಟಿ ಕವಚಗಳು ಬಳಕೆಗೆ ಬಂದುವು. ಮೋಟಾರು ಗಣಿಯೊಳಗೆ ನೆಲೆಯೂರಿತು. ಇಂದಿಗೂ ಉರಿಯುವ ಆವಿ ತುಂಬಿದ ಬಣ್ಣದ ಕಾರ್ಖಾನೆಗಳಂಥ ಕಡೆಗಳಲ್ಲಿ ವಾಯುಯಂತ್ರಗಳು ಉಳಿದಿವೆ.

ವಾಯುವನ್ನು ಆರಿಸಿಕೊಂಡವರನ್ನು ಹಿಂದುಳಿದವರೆಂದು ಎಣಿಸುವುದು ತಪ್ಪು. ಶಕ್ತಿಯ ನಷ್ಟವನ್ನು ಅಳೆಯುವವರು ಪ್ರಾಣದ ನಷ್ಟವನ್ನು ಯಾವ ಖಾತೆಗೆ ಬರೆದರೆಂಬುದನ್ನೂ ಇತಿಹಾಸಕಾರರಾದ ನಾವು ಕೇಳಬೇಕಾಗಿದೆ.