ಖಾಲಿ ನಳ ಎಳೆದುಕೊಳ್ಳುವ ಜ್ವರ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದತ್ತ ಹೊರಟರೆ ಕುರಿಕೋಟಾ ಸೇತುವೆಯಡಿ ಬೆಣ್ಣೆತೊರಾ ಹರಿಯುತ್ತದೆ. ನಗರ ಕುಡಿಯುವುದು ಈ ಹೊಳೆಯ ನೀರು, ಜೊತೆಗೆ ಭೀಮೆಯದು. ಸೋಸಿ, ಕ್ಲೋರಿನ್ ಬೆರೆಸಿದ ಮೇಲೆಯೇ ಅದು ಊರಿಗೆ ಹೊರಡುತ್ತದೆ. ಹಾಗಿದ್ದೂ ಮಳೆಗಾಲದ ದವಾಖಾನೆಗಳಲ್ಲಿ ಟೈಫಾಯ್ಡ್ ಮಾತು ತಪ್ಪುವುದಿಲ್ಲ.

ಕಾರಣ, ನಳದ ನೀರು ಬಿಟ್ಟು ಬಿಟ್ಟು ಬರುತ್ತದೆ. ನಳ ನಿಂತಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ. ಪಕ್ಕದ ಚರಂಡಿಯ ಹೊಲಸು ಜಾಯಿಂಟಿನ ಬಿರುಕು ಹುಡುಕಿಕೊಂಡು ಒಳಗೆ ನುಸುಳುತ್ತದೆ. ಮತ್ತೆ ನಳ ಬಂದಾಗ ಮೊದಲ ಕೊಡ ಚೆಲ್ಲಿ ಎರಡನೆಯದನ್ನು ಹಿಡಿಯುವ ಹೆಂಗಸರ ಲೆಕ್ಕ ಸರಿಯಾದದ್ದೇ. ಆದರೆ ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಸಾಲ್ಮೊನೆಲ್ಲಾ ಟೈಫಿ ಕಣ್ಣಿಗೆ ಕಾಣುವಂಥದ್ದಲ್ಲ.

ಶತಮಾನದ ಹಿಂದೆ ಅಮೆರಿಕ ಇದೇ ಪಾಠವನ್ನು ಹೆಣ ಎಣಿಸಿ ಕಲಿಯಿತು. 1903ರಲ್ಲಿ ಇಥಾಕಾ ಎಂಬ ಸಣ್ಣ ಊರಲ್ಲಿ ಟೈಫಾಯ್ಡ್‌ಗೆ 82 ಜನ ಸತ್ತರು. ಅವರಲ್ಲಿ 29 ಮಂದಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ವಿಮಾನ ಹಾರಿಸಿದ ವಿಲ್ಬರ್ ರೈಟ್ 1912ರಲ್ಲಿ, 45ನೇ ವಯಸ್ಸಿನಲ್ಲಿ ಇದೇ ಜ್ವರಕ್ಕೆ ಬಲಿಯಾದರು. ಪಿಟ್ಸ್‌ಬರ್ಗ್ ಮರಳಿನಲ್ಲಿ ನೀರು ಸೋಸಿತು, ಜೆರ್ಸಿ ಸಿಟಿ 1908ರಲ್ಲಿ ಕ್ಲೋರಿನ್ ಬೆರೆಸಿತು. ಟೈಫಾಯ್ಡ್‌ಗೆ ಕ್ಲೋರಂಫೆನಿಕಾಲ್ ಮದ್ದು ದಕ್ಕಿದ್ದು 1948ರಲ್ಲಿ. ಅಷ್ಟರಲ್ಲಿ ಸಾವಿನ ಸಂಖ್ಯೆ ಪಾತಾಳಕ್ಕಿಳಿದಿತ್ತು. ಡಾಕ್ಟರಿಗಿಂತ ಮೊದಲು ಕೆಲಸ ಮಾಡಿದವರು ಎಂಜಿನಿಯರುಗಳು ಎನ್ನಲು ಅಡ್ಡಿಯಿಲ್ಲ.

ನಮ್ಮಲ್ಲೂ ಒಂದು ಪ್ರಯೋಗ ನಡೆಯಿತು. ವಿಶ್ವಬ್ಯಾಂಕ್ ನೆರವಿನಿಂದ 2008ರ ಹೊತ್ತಿಗೆ ಕಲಬುರಗಿ, ಬೆಳಗಾವಿ, ಹುಬ್ಬಳ್ಳಿ-ಧಾರವಾಡದ ಕೆಲವೇ ಬಡಾವಣೆಗಳಿಗೆ ದಿನದ 24 ಗಂಟೆಯೂ ನೀರು ಬಂತು. ಹೊಸ ಪೈಪು, ಮನೆಮನೆಗೆ ಮೀಟರು. ಹುಬ್ಬಳ್ಳಿ-ಧಾರವಾಡದಲ್ಲಿ ಸಂಶೋಧಕರು ಎರಡೂ ಬಗೆಯ ನಳದ ನೀರನ್ನು ಪರೀಕ್ಷಿಸಿದರು. ಬಿಟ್ಟು ಬಿಟ್ಟು ಬರುವ ನೀರಿನ ಮಾದರಿಗಳಲ್ಲಿ ಶೇ 31.7ರಷ್ಟರಲ್ಲಿ ಹೊಲಸು ಬೆರೆತದ್ದನ್ನು ಸೂಚಿಸುವ ಇ-ಕೋಲೈ ಬ್ಯಾಕ್ಟೀರಿಯಾ ಸಿಕ್ಕಿತು. ನಿರಂತರ ಹರಿಯುವ ನಳದಲ್ಲಿ ಶೇ 0.7ರಷ್ಟರಲ್ಲಿ ಮಾತ್ರ. ಮುಂದೆ 3,922 ಮನೆಗಳ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ನಿರಂತರ ನೀರಿದ್ದ ಕಡೆ ಟೈಫಾಯ್ಡ್ ಬಂತೆಂದು ಹೇಳಿದ ಮನೆಗಳು ಶೇ 42ರಷ್ಟು ಕಡಿಮೆ.

ಆದರೆ ಮಕ್ಕಳ ಸಾಮಾನ್ಯ ಭೇದಿ ಒಟ್ಟಾರೆ ತಗ್ಗಲಿಲ್ಲ. ಯೋಜನೆಯ ಭಾಷಣಗಳಲ್ಲಿ ಈ ಮಾತು ಬರುವುದಿಲ್ಲ, ಬರಬೇಕಿತ್ತು. ನಳದ ನೀರು ಎಷ್ಟೇ ಶುದ್ಧವಾಗಿರಲಿ, ಹರವಿಯೊಳಗೆ ಕೈ ಅದ್ದಿದರೆ ಮುಗಿಯಿತು. ಭೇದಿಗೆ ಬೇರೆ ದಾರಿಗಳೂ ಉಂಟು.

ಜ್ವರ ಬಂದವರ ಪಾಡು ಇನ್ನೊಂದು. ಒಂದೇ ಒಂದು ವಿಡಾಲ್ ಟೆಸ್ಟಿನ ಚೀಟಿ ನೋಡಿ ಟೈಫಾಯ್ಡ್ ಎಂದು ನಂಬುವುದು ನಮ್ಮಲ್ಲಿ ರೂಢಿ. 1896ರ ಆ ಪರೀಕ್ಷೆ ಹಳೆಯ ಸೋಂಕಿಗೂ ತಲೆಯಾಡಿಸುತ್ತದೆ. ರಕ್ತದ ಕಲ್ಚರ್ ಮಾಡಿಸಿದರೆ ಹೆಚ್ಚು ಖಚಿತ. ಜ್ವರ ಬಾರದಂತೆ ತಡೆಯಲು ಹೈದರಾಬಾದಿನ ಭಾರತ್ ಬಯೋಟೆಕ್‌ನ ಟೈಫಾಯ್ಡ್ ಲಸಿಕೆಯನ್ನು ಆರು ತಿಂಗಳು ತುಂಬಿದ ಕೂಸಿಗೂ ಹಾಕಿಸಬಹುದು. ಕಲಬುರಗಿಯ ಉಳಿದ ಬಡಾವಣೆಗಳಿಗೂ 24 ಗಂಟೆ ನೀರು ಮುಟ್ಟಿಸುವ ಕಾಮಗಾರಿಯನ್ನು ಅದೇ ವಿಶ್ವಬ್ಯಾಂಕ್ ಸಾಲದಲ್ಲಿ ಕೈಗೆತ್ತಿಕೊಳ್ಳಲಾಗಿದೆ. ಅದು ಮುಗಿಯುವ ತನಕ ಕುದಿಸಿ ಆರಿಸಿದ ನೀರೇ ಗತಿ.