ಹಂಗಿಲ್ಲದ ಕಾಯಕ

ನೇತ್ರಾವತಿಯ ದಡದಲ್ಲಿರುವ ಪಾಣೆಮಂಗಳೂರು ಬಂಟ್ವಾಳ ತಾಲೂಕಿನ ಹಳೆಯ ಪೇಟೆಗಳಲ್ಲೊಂದು. ಲಾರಿಗಳು ಬರುವುದಕ್ಕೆ ಮೊದಲು ಘಟ್ಟದ ಮೇಲಿನ ಸರಕು ಎತ್ತಿನ ಗಾಡಿಗಳಲ್ಲಿ ಬಂಟ್ವಾಳದ ಆಸುಪಾಸಿಗೆ ಬಂದಿಳಿದು, ಇಲ್ಲಿಂದ ದೋಣಿಯನ್ನೇರಿ ಮಂಗಳೂರು ಬಂದರನ್ನು ಸೇರುತ್ತಿತ್ತು. ಬೆಳೆದವನು ಒಬ್ಬ, ಕೊಳ್ಳುವವನು ಇನ್ನೊಬ್ಬ. ನಡುವೆ ನಿಂತು ಎರಡು ಕಡೆಯ ಮಾತನ್ನೂ ಬಲ್ಲವನು ಇಲ್ಲಿಯ ವರ್ತಕ. ಕೆಳದಿಯ ಅರಸರ ಕಾಲದಿಂದ ಘಟ್ಟದ ಮೇಲಿನವರಿಗೆ ಪರಿಚಿತವಾದ ಈ ಕರಾವಳಿಯಲ್ಲಿ ನಮ್ಮ ಸಮಾಜದ ಮನೆಗಳು ಇಂದು ವಿರಳವಾಗಿದ್ದರೂ, ಇಲ್ಲಿಯ ಬದುಕಿನ ಕ್ರಮದಿಂದ ನಾವು ತಿಳಿಯಬೇಕಾದುದು ಬಹಳವಿದೆ.

ಇಂತಹ ಊರಿನ ಹೆಂಚಿನ ಮನೆಯೊಂದರಲ್ಲಿ ಗಣಕಯಂತ್ರದ ಮುಂದೆ ಕುಳಿತ ಯುವಕನೊಬ್ಬನನ್ನು ಕಲ್ಪಿಸಿಕೊಳ್ಳೋಣ. ಸಹಕಾರಿ ಸಂಘದ ವಾರ್ಷಿಕ ವರದಿ, ಜಾತ್ರೆಯ ಭಿತ್ತಿಪತ್ರ, ಶಾಲೆಯ ಪರಿಚಯ ಪುಸ್ತಿಕೆ, ಗೋಡಂಬಿ ಕಾರ್ಖಾನೆಯ ಜಾಹೀರಾತು, ಸಾಕ್ಷ್ಯಚಿತ್ರದ ಬರವಣಿಗೆ, ಇವೆಲ್ಲವೂ ಅವನ ಕೆಲಸವೇ. ಕೆಲಸ ಕೊಟ್ಟವರು ಮಂಗಳೂರಿನಲ್ಲಿಯೂ ಇರಬಹುದು, ದುಬೈಯಲ್ಲಿಯೂ ಇರಬಹುದು. ಮನೆಗೆ ಬಂದ ಹಿರಿಯರು ಕೇಳುತ್ತಾರೆ: ಯಾವ ಕಂಪನಿಯಪ್ಪಾ? ಯಾವುದೂ ಅಲ್ಲ ಎಂಬ ಉತ್ತರ ಕೇಳಿ ಅವರ ಮುಖದಲ್ಲಿ ಮೂಡುವ ಚಿಂತೆಯನ್ನು ಬಲ್ಲವರು ನಮ್ಮ ಓದುಗರಲ್ಲಿ ಅನೇಕರಿದ್ದಾರೆ. ಸ್ವತಂತ್ರ ಮಾಧ್ಯಮ ಸಲಹೆಗಾರ ಎಂಬ ಹೆಸರು ಹೊಸದು. ಆದರೆ ಈ ಬಗೆಯ ದುಡಿಮೆ ಈ ನೆಲಕ್ಕೆ ಹೊಸದಲ್ಲ.

ತಾಳಮದ್ದಳೆಯ ಅರ್ಥಧಾರಿಗಳನ್ನೇ ನೋಡಬಹುದು. ಯಕ್ಷಗಾನ ಮೇಳದ ಕಲಾವಿದ ತಿರುಗಾಟದ ಉದ್ದಕ್ಕೂ ಮೇಳದ ಕಟ್ಟಿಗೆ ಒಳಪಟ್ಟವನು. ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮಳೆಗಾಲದಲ್ಲಿ ಅವನು ತನಗೆ ತಾನೇ ಯಜಮಾನ. ಈ ಊರು ಕರೆಯುತ್ತದೆ, ಆ ಊರು ಕರೆಯುತ್ತದೆ. ಪ್ರಸಂಗ ಯಾವುದು, ತನ್ನ ಪಾತ್ರ ಯಾವುದು, ಎದುರಿಗೆ ಯಾರು ಎಂಬುದನ್ನು ತಿಳಿದುಕೊಂಡು ಸಿದ್ಧನಾಗಿ ಹೋಗುತ್ತಾನೆ. ಅವನ ಬಂಡವಾಳ ಓದು ಮತ್ತು ನಾಲಿಗೆ. ಮಾತು ಸೊಗಸಾಗಿದ್ದರೆ ಮರುವರ್ಷವೂ ಕರೆ ಬರುತ್ತದೆ, ಇಲ್ಲದಿದ್ದರೆ ಇಲ್ಲ. ಇಂದಿನ ಮಾಧ್ಯಮ ಸಲಹೆಗಾರನ ಬಾಳ್ವೆಯೂ ಬಹುಮಟ್ಟಿಗೆ ಇದೇ ಆಗಿರುತ್ತದೆ. ಅವನ ಮೊದಲ ಕೆಲಸ ಚಿತ್ರ ಬಿಡಿಸುವುದಲ್ಲ, ಕೇಳುವುದು. ಬಂದವರಿಗೆ ನಿಜವಾಗಿ ಬೇಕಾದುದೇನು, ಅದನ್ನು ಓದುವವರು ಯಾರು, ಹಣವೆಷ್ಟು, ದಿನವೆಷ್ಟು ಎಂಬುದು ಗೊತ್ತಾದ ಮೇಲೆಯೇ ಕರಡು. ಎಷ್ಟೋ ವೇಳೆ ಹತ್ತು ಪುಟದ ಪುಸ್ತಿಕೆ ಬೇಕೆಂದು ಬಂದವರಿಗೆ ಒಂದು ಹಾಳೆಯೇ ಸಾಕು. ಅದನ್ನು ಬಾಯಿಬಿಟ್ಟು ಹೇಳಿದರೆ ತನ್ನ ಸಂಪಾದನೆಗೇ ಕತ್ತರಿ. ಹಾಗಿದ್ದೂ ಹೇಳುವವನೇ ಸಲಹೆಗಾರ, ಉಳಿದವರು ಮಾರಾಟಗಾರರು.

ಮುದ್ರಣದ ವಿಷಯದಲ್ಲಿ ಈ ಜಿಲ್ಲೆಗೂ ನಮ್ಮ ಸಮಾಜಕ್ಕೂ ಇರುವ ನಂಟು ವಿಚಿತ್ರವಾದುದು. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದರು. ಮುಂದೆ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಕನ್ನಡ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಪ್ರಕಟಿಸಿದಾಗ ಅವುಗಳಲ್ಲಿ ಬಸವಪುರಾಣವೂ ಒಂದಾಗಿತ್ತು. ಆ ಮಾಲೆಯ ವೆಚ್ಚವನ್ನು ವಹಿಸಿದವರು ಕಾಸಾಮೇಜರ್ ಎಂಬ ನಿವೃತ್ತ ನ್ಯಾಯಾಧೀಶರು. ವಿದ್ವಾಂಸನೊಬ್ಬನಿಗೆ ಹಣ ಕೊಟ್ಟು, ಕೆಲಸವನ್ನು ಅವನ ವಿವೇಕಕ್ಕೆ ಬಿಟ್ಟ ಪೋಷಕರು ಎಲ್ಲ ಕಾಲದಲ್ಲಿಯೂ ದುರ್ಲಭ.

ಸುಮಾರು ಎಪ್ಪತ್ತು ವರ್ಷಗಳ ತರುವಾಯ ವಿಜಯಪುರದ ವಕೀಲರೊಬ್ಬರು ಅದೇ ಮಿಷನ್ನಿನ ಮಂಗಳೂರು ಮುದ್ರಣಾಲಯಕ್ಕೆ ಹಸ್ತಪ್ರತಿಯೊಂದನ್ನು ಕಳುಹಿಸಿದರು. ಅವರೇ ವಚನ ಪಿತಾಮಹರಾದ ಫ. ಗು. ಹಳಕಟ್ಟಿಯವರು, ಗ್ರಂಥ 'ವಚನ ಶಾಸ್ತ್ರಸಾರ'. ಮುದ್ರಣಾಲಯ ಅದನ್ನು ಅಚ್ಚು ಮಾಡದೆ ಹಿಂದಿರುಗಿಸಿತು. ಈ ವಚನಗಳು ಪ್ರಕಟವಾದರೆ ತಮ್ಮ ಧರ್ಮಪ್ರಸಾರಕ್ಕೆ ತೊಡಕಾದೀತೆಂಬ ಶಂಕೆಯೇ ಅದಕ್ಕೆ ಕಾರಣವೆಂದು ಹಳಕಟ್ಟಿಯವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಇದನ್ನು ನಾವು ದ್ವೇಷದಿಂದ ನೆನೆಯಬೇಕಾಗಿಲ್ಲ. ಯಂತ್ರ ಯಾರದೋ ನಿರ್ಣಯವೂ ಅವರದೇ, ಅಷ್ಟೇ. ಗ್ರಂಥ ಕಡೆಗೆ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು.

ಆಮೇಲೆ ನಡೆದುದನ್ನು ನಮ್ಮ ಮಕ್ಕಳೂ ಬಲ್ಲರು. ಹಳಕಟ್ಟಿಯವರು ಇದ್ದ ಮನೆಯನ್ನು ಮಾರಿ 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಲ್ಲಿ 'ಶಿವಾನುಭವ', 1927ರಲ್ಲಿ 'ನವಕರ್ನಾಟಕ' ಪತ್ರಿಕೆಗಳು ಆರಂಭವಾದವು. ತಾಡೋಲೆ ಹುಡುಕುವುದು, ಪ್ರತಿ ಮಾಡುವುದು, ಪಾಠ ಪರಿಷ್ಕರಿಸುವುದು, ಅಚ್ಚು ಮಾಡಿಸುವುದು, ಓದುಗರಿಗೆ ಮುಟ್ಟಿಸುವುದು, ಈ ಎಲ್ಲ ಹೊಣೆಯೂ ಒಬ್ಬರ ಹೆಗಲಿಗೆ ಬಿತ್ತು. 1910ರಲ್ಲಿ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಬ್ಯಾಂಕನ್ನೂ ಕಟ್ಟುವುದರಲ್ಲಿ ಮುಂದಾಗಿದ್ದವರು ಲೆಕ್ಕ ತಿಳಿಯದವರಾಗಿದ್ದರೆಂದು ಯಾರೂ ಹೇಳಲಾರರು. ತಿಳಿದೇ ಮನೆಯನ್ನು ಮಾರಿದರು. 1964ರಲ್ಲಿ ಲಿಂಗೈಕ್ಯರಾಗುವವರೆಗೂ ಬಡತನ ಅವರ ಬೆನ್ನು ಬಿಡಲಿಲ್ಲ. ಈ ತ್ಯಾಗವನ್ನು ನಾವು ವೇದಿಕೆಗಳ ಮೇಲೆ ಕೊಂಡಾಡುತ್ತೇವೆ. ಆದರೆ ಒಬ್ಬ ಮನುಷ್ಯ ಮನೆ ಮಾರಬೇಕಾದಾಗ ಸಮಾಜದ ಥೈಲಿ ಎಲ್ಲಿತ್ತು ಎಂಬ ಪ್ರಶ್ನೆಯನ್ನು ಆ ವೇದಿಕೆಗಳಲ್ಲಿ ಕೇಳುವವರು ಕಡಿಮೆ.

ಪಾಣೆಮಂಗಳೂರಿನಿಂದ ಕಲ್ಲಡ್ಕ, ಮಾಣಿಗಳನ್ನು ದಾಟಿ ಹೋದರೆ ಸಿಗುವ ಪುತ್ತೂರಿನಲ್ಲಿ ಇನ್ನೊಂದು ನಿದರ್ಶನವಿದೆ. ಡಾ. ಶಿವರಾಮ ಕಾರಂತರು ಸಂಬಳದ ನೌಕರಿಗೆ ಅಂಟಿಕೊಳ್ಳದೆ ಬಾಳಿದವರು. 'ವಸಂತ' ಪತ್ರಿಕೆ, ನಾಟಕ, ಮೂಕಿಚಿತ್ರ, ಛಾಯಾಗ್ರಹಣ, ಮಕ್ಕಳಿಗಾಗಿ ಮೂರು ಸಂಪುಟಗಳ 'ಬಾಲಪ್ರಪಂಚ', ಅನಂತರ ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ', ಯಕ್ಷಗಾನದ ಸಂಶೋಧನೆ ಮತ್ತು ಪ್ರಯೋಗ. ಒಬ್ಬರೇ ಕೈಹಾಕಿದ ಮಾಧ್ಯಮಗಳನ್ನು ಎಣಿಸುವಾಗ ಬೆರಳು ಸಾಲದು. ಅವರೂ ಸ್ವಂತ ಮುದ್ರಣಾಲಯ ನಡೆಸಿದರು. 1968ರಲ್ಲಿ ಬಂದ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯ ಪ್ರತಿಭಟನೆಯಾಗಿ ಹಿಂದಿರುಗಿಸಿದ್ದೂ ಅದೇ ಸ್ವಾತಂತ್ರ್ಯದ ಒಂದು ಮುಖ. ಹಂಗಿಲ್ಲದವನ ಮಾತಿಗೆ ತೂಕ ಬೇರೆ.

ಇಂದಿನ ಯುವಕನಿಗೆ ಮುದ್ರಣಾಲಯ ಕೊಳ್ಳಲು ಮನೆ ಮಾರುವ ಪ್ರಸಂಗವಿಲ್ಲ. ಒಂದು ಗಣಕಯಂತ್ರ, ಒಂದು ಕ್ಯಾಮೆರಾ ಇದ್ದರೆ ಆರಂಭ ಸಾಧ್ಯ. ಅವನಿಗೆ ಕಷ್ಟ ಬರುವುದು ಬೇರೆ ಕಡೆಯಿಂದ. ತಿಂಗಳ ಕೊನೆಗೆ ಸಂಬಳವಿಲ್ಲ, ಭವಿಷ್ಯನಿಧಿಯಿಲ್ಲ, ಕಾಯಿಲೆ ಬಿದ್ದರೆ ರಜೆಯಿಲ್ಲ. ಹಬ್ಬದ ಮುಂದೆ ನಾಲ್ಕು ಕೆಲಸ ಒಟ್ಟಿಗೆ ಬಂದರೆ ಆಷಾಢದಲ್ಲಿ ಒಂದೂ ಇಲ್ಲ. ಆದ್ದರಿಂದ ಕೆಲಸ ಹಿಡಿಯುವಾಗಲೇ ಮುಂಗಡ ಪಡೆಯುವುದು, ಎಷ್ಟು ಬಾರಿ ತಿದ್ದಿಕೊಡುವುದೆಂದು ಬರೆದಿಡುವುದು, ಬಂದ ಹಣದಲ್ಲಿ ಬರಗಾಲದ ಪಾಲನ್ನು ಮೊದಲೇ ತೆಗೆದಿಡುವುದು ದುರಾಸೆಯಲ್ಲ.

ಹಕ್ಕುಸ್ವಾಮ್ಯದ ವಿಷಯದಲ್ಲಿ ಒಂದು ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ, ಏಕೆಂದರೆ ಇದನ್ನರಿಯದೆ ನಷ್ಟಕ್ಕೊಳಗಾಗುವುದು ಸುಲಭ. 1957ರ ಹಕ್ಕುಸ್ವಾಮ್ಯ ಕಾಯಿದೆಯ ಪ್ರಕಾರ ನೌಕರನು ನೌಕರಿಯ ಭಾಗವಾಗಿ ಬರೆದುದು ಸಾಮಾನ್ಯವಾಗಿ ಮಾಲೀಕನದು. ಸ್ವತಂತ್ರವಾಗಿ ದುಡಿಯುವವನು ಬರೆದುಕೊಟ್ಟ ಲೇಖನ, ಚಿತ್ರಕಥೆಗಳ ಮೊದಲ ಒಡೆತನ ಬರೆದವನದೇ. ಆದರೆ ಹಣ ಪಡೆದು, ಮತ್ತೊಬ್ಬರ ಕೋರಿಕೆಯ ಮೇರೆಗೆ ತೆಗೆದ ಛಾಯಾಚಿತ್ರ ಅಥವಾ ಚಲನಚಿತ್ರ ಹಾಗಲ್ಲ. ಬೇರೆ ಕರಾರು ಇಲ್ಲದಿದ್ದರೆ ಅದು ಹಣ ಕೊಟ್ಟವರಿಗೆ ಸಲ್ಲುತ್ತದೆ. ಹಕ್ಕನ್ನು ವರ್ಗಾಯಿಸುವುದಾದರೆ ಅದು ಬರಹದಲ್ಲಿ, ಸಹಿಯೊಡನೆ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಐದು ವರ್ಷವೆಂದು ಕಾಯಿದೆ ಭಾವಿಸುತ್ತದೆ. ಬಾಯಿಮಾತಿನ ವಿಶ್ವಾಸ ದೊಡ್ಡದೇ. ಅದರ ಪಕ್ಕದಲ್ಲಿ ಒಂದು ಹಾಳೆ ಕಾಗದವೂ ಇದ್ದರೆ ವಿಶ್ವಾಸಕ್ಕೆ ಕುಂದೇನಿಲ್ಲ.

ಇನ್ನು ನಮ್ಮವರಿಗೇ ಹೇಳಬೇಕಾದ ಮಾತು. ಮಠದ ಉತ್ಸವ ಬಂತು, ಸಂಘದ ರಜತಮಹೋತ್ಸವ ಬಂತು, ವಿದ್ಯಾರ್ಥಿನಿಲಯದ ಸ್ಮರಣಸಂಚಿಕೆ ಬಂತು. ಪೆಂಡಾಲಿನವರಿಗೆ ಹಣ, ಅಡುಗೆಯವರಿಗೆ ಹಣ, ಕಾಗದದ ಅಂಗಡಿಗೆ ಹಣ. ಸಂಚಿಕೆಯನ್ನು ರೂಪಿಸುವ ಹುಡುಗಿಗೆ ಮಾತ್ರ "ನಮ್ಮವಳೇ ಅಲ್ಲವೇ, ಸೇವೆ ಎಂದು ತಿಳಿ ತಾಯಿ" ಎಂಬ ಮಾತು, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಹದಿನೈದು ರಾತ್ರಿ ನಿದ್ದೆಗೆಟ್ಟದ್ದು ಯಾವ ಖಾತೆಗೆ? ದಾಸೋಹವೆಂಬುದು ದುಡಿದವನು ತನ್ನ ಗಳಿಕೆಯಲ್ಲಿ ತಾನಾಗಿ ಸಲ್ಲಿಸುವುದು. ಕೂಲಿ ಕೊಡಬೇಕಾದವರು ಕೂಲಿಯನ್ನು ಉಳಿಸಿಕೊಂಡು ಅದಕ್ಕೆ ಆ ಹೆಸರಿಡುವುದು ಶರಣರ ದಾರಿಯೆಂದು ನಮಗೆ ತೋರುವುದಿಲ್ಲ. ನುಲಿಯ ಚಂದಯ್ಯನವರು ಹಗ್ಗದ ಬೆಲೆಗಿಂತ ಹೆಚ್ಚಿನದನ್ನು ಒಪ್ಪಲಿಲ್ಲ. ಆಯ್ದಕ್ಕಿ ಲಕ್ಕಮ್ಮನವರು ಹೆಚ್ಚಾದ ಅಕ್ಕಿಯನ್ನು ಮರಳಿಸಿ ಬರುವಂತೆ ಮಾರಯ್ಯನವರಿಗೆ ಹೇಳಿದರು. ಈ ಎರಡು ಪ್ರಸಂಗಗಳನ್ನೂ ನಾವು ಹೆಚ್ಚು ಪಡೆಯಬಾರದೆಂಬುದಕ್ಕೆ ಉದಾಹರಿಸುತ್ತೇವೆ. ಹಗ್ಗಕ್ಕೆ ಬೆಲೆಯೊಂದಿತ್ತು, ಅದನ್ನು ಚಂದಯ್ಯನವರು ಪಡೆಯುತ್ತಿದ್ದರು, ಆ ಬೆಲೆಯಿಂದಲೇ ಜಂಗಮ ದಾಸೋಹ ನಡೆಯುತ್ತಿತ್ತು ಎಂಬುದನ್ನು ಮರೆಯುತ್ತೇವೆ.

ಉಚಿತವಾಗಿ ಮಾಡಿಕೊಡಬೇಕೆಂದು ಮನಸ್ಸಿದ್ದವರು ಮಾಡಲಿ. ಆಗಲೂ ಪೂರ್ಣ ಮೊಬಲಗಿನ ಬಿಲ್ಲನ್ನು ಬರೆದು, ಅದರ ಕೆಳಗೆ ದಾಸೋಹವೆಂದು ನಮೂದಿಸಿ ಸಂಘಕ್ಕೆ ಒಪ್ಪಿಸುವುದು ಉಚಿತ. ಸಂಘದ ವಾರ್ಷಿಕ ಲೆಕ್ಕಪತ್ರದಲ್ಲಿ, ಅಕ್ಕಿ ಬೇಳೆ ಕೊಟ್ಟ ದಾನಿಗಳ ಸಾಲಿನಲ್ಲಿಯೇ, ಅವರ ಹೆಸರೂ ಮೊತ್ತದೊಡನೆ ಅಚ್ಚಾಗಲಿ.